ಬದುವಿನ ಗಿಡದಿಂದ ಡಬ್ಬಿಯ ಚೂರ್ಣದವರೆಗೆ: ಆಯುರ್ವೇದ ಔಷಧದ ಸುರಕ್ಷತೆಯನ್ನು ಅಳೆಯುವ ಬಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು ಕಡಿಮೆ ಮಳೆಯ, ಎರೆಮಣ್ಣಿನ ಸೀಮೆ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಗ ಬೇರೆ ತಾಲ್ಲೂಕುಗಳಾಗಿದ್ದರೂ ಹಳೆಯ ಲೆಕ್ಕದಲ್ಲಿ ಇವುಗಳೊಳಗೇ ಇದ್ದವು. ಇಲ್ಲಿ ಮಲೆನಾಡಿನ ಕಾಡಿಲ್ಲ. ಆದರೂ ಔಷಧಿ ಗಿಡಗಳಿಗೆ ಬರವಿಲ್ಲ. ಹೊಲದ ಬದುವಿಗೆ ನೆಗ್ಗಿಲು, ಉತ್ತರಾಣಿ, ಕೊಮ್ಮೆ. ರಸ್ತೆಯ ಪಕ್ಕಕ್ಕೆ ತಂಗಡಿ, ಎಕ್ಕಿ, ಮದಗುಣಕಿ. ಬೇಲಿಗೆ ಹಬ್ಬಿದ ಅಮೃತಬಳ್ಳಿ, ಗುಲಗಂಜಿ. ಊರ ಮುಂದೆ ಬೇವು. ಇವನ್ನು ಯಾರೂ ಬಿತ್ತುವುದಿಲ್ಲ, ನೀರು ಹಾಯಿಸುವುದಿಲ್ಲ. ಆದರೆ ಇವುಗಳಲ್ಲಿ ಬಹುತೇಕ ಎಲ್ಲವೂ ಒಂದಲ್ಲ ಒಂದು ಆಯುರ್ವೇದ ಗ್ರಂಥದಲ್ಲಿ ಸಂಸ್ಕೃತದ ಹೆಸರು ಹೊತ್ತು ಕುಳಿತಿವೆ.

ಬದುವಿನಲ್ಲಿ ಕಿತ್ತ ಗಿಡ ಡಬ್ಬಿಯ ಚೂರ್ಣವಾಗಿ ರೋಗಿಯ ಕೈ ಸೇರುವ ಹೊತ್ತಿಗೆ ಹಲವು ಕೈ ದಾಟಿರುತ್ತದೆ. ಕಿತ್ತವರು, ಒಣಗಿಸಿದವರು, ಮೂಟೆ ಕಟ್ಟಿದವರು, ದಲ್ಲಾಳಿ, ಕುಟ್ಟಿ ಜರಡಿ ಹಿಡಿದವರು, ಕೊನೆಗೆ ಚೀಟಿ ಅಂಟಿಸಿದವರು. ಪ್ರತಿ ಕೈಯಲ್ಲೂ ಏನಾದರೂ ಸೇರಬಹುದು, ಏನಾದರೂ ಬದಲಾಗಬಹುದು. ಪ್ರತಿ ಸಲವೂ ಅದೇ ಗಿಡ, ಅದೇ ಭಾಗ, ಅದೇ ವಿಧಾನ, ಅದೇ ಗುಣಮಟ್ಟ ಇರುವಂತೆ ಅಳತೆಗೋಲು ನಿಗದಿ ಮಾಡುವುದಕ್ಕೆ ಪ್ರಮಾಣೀಕರಣ ಎನ್ನುತ್ತಾರೆ. ಆ ಔಷಧ ಮೈಗೆ ಕೇಡು ಮಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಸುರಕ್ಷತಾ ಪರೀಕ್ಷೆ. ಎರಡೂ ಬೇರೆ ಬೇರೆ ಕೆಲಸ. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಅರ್ಥವಿಲ್ಲ, ಏಕೆಂದರೆ ನಿನ್ನೆ ಪರೀಕ್ಷಿಸಿದ ಔಷಧವೇ ಇಂದಿನ ಡಬ್ಬಿಯಲ್ಲಿದೆ ಎಂಬ ಭರವಸೆಯೇ ಇರುವುದಿಲ್ಲ.

ಹಳೆಯ ಎಚ್ಚರ

ಔಷಧವೇ ವಿಷವಾಗಬಹುದು ಎಂಬ ತಿಳಿವಳಿಕೆ ಪ್ರಯೋಗಾಲಯಗಳ ಜೊತೆ ಬಂದದ್ದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜ ಕನ್ನಡದಲ್ಲೇ ‘ಖಗೇಂದ್ರಮಣಿದರ್ಪಣ’ ಎಂಬ ವಿಷವೈದ್ಯ ಗ್ರಂಥ ಬರೆದ. ಆದಿಲಶಾಹಿಗಳ ವಿಜಯಪುರದಲ್ಲಿದ್ದ ಇತಿಹಾಸಕಾರ ಫಿರಿಸ್ತಾ, ತನ್ನ ಪ್ರಸಿದ್ಧ ಚರಿತ್ರೆಯ ಜೊತೆಗೆ, ಭಾರತೀಯ ವೈದ್ಯವನ್ನು ಪಾರಸಿಯಲ್ಲಿ ವಿವರಿಸುವ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಪುಸ್ತಕವನ್ನೂ ರಚಿಸಿದ. ಈ ಸೀಮೆಯ ಔಷಧ ಜ್ಞಾನ ಎರಡು ಭಾಷೆಗಳ ನಡುವೆ ಓಡಾಡಿದ್ದಕ್ಕೆ ಅದು ಗುರುತು. ಇಂದಿಗೂ ಇಲ್ಲಿನ ಹಳ್ಳಿಗಳಲ್ಲಿ ಗಾವಟಿ ಔಷಧ ಕೊಡುವವರಲ್ಲಿ ವೈದ್ಯರೂ ಇದ್ದಾರೆ, ಹಕೀಮರೂ ಇದ್ದಾರೆ.

ಔಷಧದ ಆಯುಷ್ಯದ ಬಗ್ಗೆ ಶಾರ್ಙ್ಗಧರ ಸಂಹಿತೆ ಬಹಳ ಕಟ್ಟುನಿಟ್ಟು. ಚೂರ್ಣ ಎರಡು ತಿಂಗಳಿಗೆ ಸತ್ವ ಕಳೆದುಕೊಳ್ಳುತ್ತದೆ, ಗುಳಿಗೆ ಮತ್ತು ಲೇಹ್ಯ ವರ್ಷದ ಮೇಲೆ ಬಾರದು, ಆಸವ ಮತ್ತು ಭಸ್ಮಗಳು ಮಾತ್ರ ಹಳೆಯದಾದಷ್ಟೂ ಒಳ್ಳೆಯವು ಎಂಬುದು ಅದರ ಲೆಕ್ಕ. ಇಂದಿನ ನಿಯಮ ಚೂರ್ಣಕ್ಕೆ ಎರಡು ವರ್ಷ ಅವಧಿ ಕೊಡುತ್ತದೆ. ಗಾಳಿಯಾಡದ ಡಬ್ಬಿ ಬಂದಿರುವುದರಿಂದ ಎರಡು ತಿಂಗಳ ಅವಧಿಯನ್ನು ವಿಸ್ತರಿಸಿದ್ದನ್ನು ಒಪ್ಪಬಹುದು. ಆದರೆ ಡಬ್ಬಿ ಒಮ್ಮೆ ತೆರೆದ ಮೇಲೆ ಶಾರ್ಙ್ಗಧರನ ಮಾತೇ ಹೆಚ್ಚು ನಿಜ.

ಮೊದಲ ಪರೀಕ್ಷೆ: ಇದು ಅದೇ ಗಿಡವೇ?

ಆಯುರ್ವೇದ ಔಷಧದಿಂದಾದ ಅನಾಹುತಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ, ಹಲವು ಸಲ ಕೊನೆಗೆ ಸಿಗುವುದು ತಪ್ಪು ಗಿಡ. ಹೀಗಾಗಿ ಯಂತ್ರಗಳ ಮಾತಿಗಿಂತ ಮೊದಲು ಕಣ್ಣಿನ ಮಾತು.

ನೆಗ್ಗಿಲನ್ನೇ ನೋಡೋಣ. ಬರಿಗಾಲಲ್ಲಿ ಹೊಲಕ್ಕೆ ಹೋದವರಿಗೆಲ್ಲ ಇದರ ಪರಿಚಯ ಪಾದದಿಂದಲೇ ಆಗಿರುತ್ತದೆ. ಸಂಸ್ಕೃತದ ಗೋಕ್ಷುರ ಇದೇ. ಮೂತ್ರದ ತೊಂದರೆಗಳ ಔಷಧಗಳಲ್ಲೂ ದಶಮೂಲದಲ್ಲೂ ಇದು ಇರಲೇಬೇಕು. ನೆಲಕ್ಕೆ ಹಬ್ಬುವ ಸಣ್ಣ ನೆಗ್ಗಿಲಿನ ಸಸ್ಯಶಾಸ್ತ್ರೀಯ ಹೆಸರು ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಇದರ ಹಳದಿ ಹೂವಿಗೆ ಐದು ಎಸಳು. ಒಣಗಿದ ಕಾಯಿ ಐದು ಹೋಳಾಗಿ ಬಿಡಿಸಿಕೊಳ್ಳುತ್ತದೆ, ಪ್ರತಿ ಹೋಳಿಗೂ ಎರಡು ಉದ್ದ, ಎರಡು ಗಿಡ್ಡ ಮುಳ್ಳು. ಇನ್ನೊಂದು ಆನೆನೆಗ್ಗಿಲು, ಪೆಡಾಲಿಯಂ ಮ್ಯೂರೆಕ್ಸ್. ಅದು ಬೇರೆಯೇ ಕುಲದ್ದು. ಅದರ ಕಾಯಿ ದೊಡ್ಡದು, ನಾಲ್ಕು ಮೂಲೆಯದು, ಬಿಡಿಸಿಕೊಳ್ಳುವುದಿಲ್ಲ, ಬುಡದ ಕಡೆ ಮುಳ್ಳು. ಅದರ ಹಸಿ ಕೊಂಬೆಯನ್ನು ನೀರಿನಲ್ಲಿ ಅಲ್ಲಾಡಿಸಿದರೆ ನೀರು ಲೋಳೆಯಾಗುತ್ತದೆ. ಕಾಯಿ ಇಡಿಯಾಗಿದ್ದಾಗ ಶಾಲೆಯ ಹುಡುಗರೂ ಎರಡನ್ನೂ ಬೇರ್ಪಡಿಸಬಲ್ಲರು. ಕುಟ್ಟಿ ಪುಡಿ ಮಾಡಿದ ಮೇಲೆ ಪಂಡಿತರಿಗೂ ಬರಿಗಣ್ಣಿಗೆ ಸಾಧ್ಯವಿಲ್ಲ. ಕಚ್ಚಾವಸ್ತುವನ್ನು ಪುಡಿಯಾಗಿ ಕೊಳ್ಳಬಾರದು, ಇಡಿಯಾಗಿಯೇ ಕೊಳ್ಳಬೇಕು ಎಂದು ಒಳ್ಳೆಯ ಔಷಧಾಲಯಗಳು ಹಟ ಹಿಡಿಯುವುದು ಇದಕ್ಕೇ.

ಅಶೋಕದ ತೊಗಟೆಯದು ಇನ್ನೊಂದು ಕಥೆ. ಅಶೋಕಾರಿಷ್ಟಕ್ಕೆ ಬೇಕಾದದ್ದು ಸರಾಕಾ ಅಸೋಕಾ ಎಂಬ, ಕಾಡಿನಲ್ಲಿ ವಿರಳವಾಗುತ್ತಿರುವ ಮರದ ತೊಗಟೆ. ಶಾಲೆ, ಕಚೇರಿ, ಲೇಔಟುಗಳ ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ನೆಟ್ಟಗೆ ನಿಂತಿರುವ ಅಶೋಕ ಅದಲ್ಲ. ಅದು ಸೀತಾಫಲದ ಕುಟುಂಬದ ಪಾಲಿಯಾಲ್ಥಿಯ. ಮೊದಲನೆಯದು ಸಿಗುವುದು ಕಷ್ಟ, ಎರಡನೆಯದು ಎಲ್ಲೆಲ್ಲೂ ಇದೆ. ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಗಂಭೀರ ಪ್ರಸಂಗ ಅಮೃತಬಳ್ಳಿಯದು. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಇದರ ಕಷಾಯ ಕುದಿಯಿತು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇದನ್ನು ಸೇವಿಸಿ ಯಕೃತ್ತಿಗೆ ಪೆಟ್ಟು ಬಿದ್ದ ಆರು ರೋಗಿಗಳನ್ನು ಕಂಡಿದ್ದೇವೆ ಎಂದು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮುಂದೆ ದೇಶದ 13 ಕೇಂದ್ರಗಳ 43 ರೋಗಿಗಳ ವರದಿಯೂ ಬಂತು. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಟೈನೋಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿಯಿಂದ ತೊಂದರೆಯಾಗಿರಬಹುದು, ವೈದ್ಯರು ಗಿಡದ ಗುರುತನ್ನೇ ಖಾತ್ರಿ ಮಾಡಿಕೊಂಡಿಲ್ಲ ಎಂಬುದು ಆಯುಷ್ ಸಚಿವಾಲಯದ ಉತ್ತರ. ಅಸಲಿ ಬಳ್ಳಿಯ ಕಾಂಡ ಹಸಿರು, ಅದರಲ್ಲಿ ಗಂಟುಗಂಟಾದ ಉಬ್ಬುಗಳಿಲ್ಲ, ಹಣ್ಣು ಗುಂಡಗೆ ಕೆಂಪು. ಕ್ರಿಸ್ಪಾದ ಕಾಂಡ ಬೂದುಗಂದು, ಮೈತುಂಬ ಉಬ್ಬು. ಎಲೆ ನೋಡಿ ಗುರುತು ಹಿಡಿಯಲು ಹೋದರೆ ಮೋಸ ಹೋಗುವುದು ಖಂಡಿತ, ಎರಡರದೂ ಹೃದಯದಾಕಾರ. ಎರಡೂ ಕಡೆಯವರ ವಾದದಲ್ಲಿ ಹುರುಳಿದೆ. ಆದರೆ ಗಿಡ ತಪ್ಪಿರಬಹುದು ಎನ್ನುವುದರಿಂದಲೇ ಎಲ್ಲವೂ ಇತ್ಯರ್ಥವಾಗುವುದಿಲ್ಲ; ಅಸಲಿ ಗಿಡವೂ ಕೆಲವರ ಮೈಗೆ ಒಗ್ಗದಿರುವ ಸಾಧ್ಯತೆಯನ್ನು ಪರೀಕ್ಷಿಸಿಯೇ ತಳ್ಳಿಹಾಕಬೇಕು. ಯಕೃತ್ತಿನ ತೊಂದರೆ ಮೊದಲೇ ಇರುವವರು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಇದನ್ನು ಕುಡಿಯುವುದು ಸರಿಯಲ್ಲ.

ತಪ್ಪು ಗಿಡ ಎಂಥ ಅನರ್ಥ ಮಾಡಬಲ್ಲದು ಎಂಬುದಕ್ಕೆ ಬೆಲ್ಜಿಯಂ ಸಾಕ್ಷಿ. 1990ರ ದಶಕದ ಮೊದಲಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚೀನೀ ಮೂಲಿಕೆಯ ಗುಳಿಗೆಗಳಲ್ಲಿ ಸ್ಟೆಫೇನಿಯಾದ ಜಾಗಕ್ಕೆ ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿ, ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಕೆಟ್ಟಿತು. ಹಲವರಿಗೆ ಮುಂದೆ ಕ್ಯಾನ್ಸರ್ ಕೂಡ ಬಂತು. ನಮ್ಮಲ್ಲಿ ಹಾವಿನ ಕಡಿತಕ್ಕೆ ನಾಟಿ ವೈದ್ಯರು ಕೊಡುವ ಈಶ್ವರಿ ಬೇರು ಅದೇ ಅರಿಸ್ಟೊಲೋಕಿಯಾ ಕುಲಕ್ಕೆ ಸೇರಿದ್ದು. ಅದನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಹಾವು ಕಚ್ಚಿದರೆ ಸರ್ಕಾರಿ ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು ಒಂದೇ ದಾರಿ.

ಎರೆಮಣ್ಣು ಮತ್ತು ಬೂದಿಯ ಲೆಕ್ಕ

ಎರೆಹೊಲದಲ್ಲಿ ಬೇರು ಕಿತ್ತವರಿಗೆ ಗೊತ್ತು: ಮಣ್ಣು ಬೇರಿಗೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ತೊಳೆಯದೆ ಒಣಗಿಸಿ ಮೂಟೆಗೆ ತುಂಬಿದ ಅಶ್ವಗಂಧದ, ಅಂದರೆ ಹಿರೇಮದ್ದಿನ, ಬೇರಿನ ತೂಕದಲ್ಲಿ ಒಂದು ಪಾಲು ಮಣ್ಣೇ ಇರುತ್ತದೆ. ಪ್ರಯೋಗಾಲಯ ಇದನ್ನು ಹಿಡಿಯುವ ಬಗೆ ಸರಳ. ಪುಡಿಯನ್ನು ಮೂಸೆಯಲ್ಲಿಟ್ಟು ಪೂರ್ತಿ ಸುಟ್ಟು, ಉಳಿದ ಬೂದಿಯನ್ನು ತೂಗುತ್ತಾರೆ. ಆ ಬೂದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದರೆ ಗಿಡದ ಸ್ವಂತ ಖನಿಜಗಳು ಕರಗುತ್ತವೆ, ಮರಳು ಮಣ್ಣಿನ ಸಿಲಿಕಾ ಕರಗದೆ ಉಳಿಯುತ್ತದೆ. ಭಾರತೀಯ ಆಯುರ್ವೇದ ಫಾರ್ಮಾಕೋಪಿಯಾ ಅಶ್ವಗಂಧದ ಬೇರಿಗೆ ಒಟ್ಟು ಬೂದಿ ಶೇ. 7ನ್ನು, ಕಸಕಡ್ಡಿ ಶೇ. 2ನ್ನು ಮೀರಬಾರದು ಎನ್ನುತ್ತದೆ. ಆಮ್ಲದಲ್ಲಿ ಕರಗದ ಬೂದಿ ಹೆಚ್ಚು ಬಂತೆಂದರೆ ಬೇರು ತೊಳೆದಿಲ್ಲ ಎಂದೇ ಅರ್ಥ. ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಡದ ಈ ಪರೀಕ್ಷೆ ಪದವಿ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲೂ ಆಗುತ್ತದೆ.

ಅಶ್ವಗಂಧದಲ್ಲಿ ಇನ್ನೊಂದು ಮೋಸವಿದೆ: ಬೇರಿಗೆ ಎಲೆ ಬೆರೆಸುವುದು. ಎಲೆ ಅಗ್ಗ, ಮೇಲಾಗಿ ಅದರಲ್ಲಿ ವಿಥಫೆರಿನ್-ಎ ಎಂಬ ಅಂಶ ಬೇರಿಗಿಂತ ಹೆಚ್ಚು. ‘ಸತ್ವ’ದ ಅಂಕಿ ದೊಡ್ಡದಾಗಿ ಕಾಣಿಸಬೇಕೆನ್ನುವ ತಯಾರಕರಿಗೆ ಇದು ಅನುಕೂಲ. ಶಾಸ್ತ್ರ ಹೇಳಿದ್ದು ಬೇರನ್ನು. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಬೇಕಾಯಿತು. ಅಂಕಿಯೊಂದನ್ನೇ ನೋಡಿ ಗುಣಮಟ್ಟ ಅಳೆದರೆ ಹೀಗೂ ಆಗುತ್ತದೆ.

ಉಳಿದ ಪರೀಕ್ಷೆಗಳನ್ನು ಬೇಗ ಹೇಳಬಹುದು. 105 ಡಿಗ್ರಿ ಶಾಖದಲ್ಲಿ ಒಣಗಿಸಿ ತೇವಾಂಶ ನೋಡುತ್ತಾರೆ. ತೇವ ಹೆಚ್ಚಿದ್ದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ, ಕೆಟ್ಟ ಶೇಂಗಾದಲ್ಲೂ ಕಾಣುವ, ಯಕೃತ್ತಿನ ವಿಷ ಹುಟ್ಟುತ್ತದೆ. ನೀರಿನಲ್ಲಿ, ಆಲ್ಕೋಹಾಲಿನಲ್ಲಿ ಎಷ್ಟು ಸಾರ ಕರಗಿ ಬರುತ್ತದೆ ಎಂದು ಅಳೆದರೆ ಸತ್ವ ಹಿಂಡಿ ತೆಗೆದ ಚರಟ ಸಿಕ್ಕಿಬೀಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಪುಡಿಯ ಕೋಶ, ನಾರು, ಹರಳುಗಳನ್ನು ನೋಡಿದರೆ ತ್ರಿಫಲಾ ಚೂರ್ಣಕ್ಕೆ ಅಳಲೆ, ತಾರೆ, ನೆಲ್ಲಿಯ ತಿರುಳಿನ ಜೊತೆ ಗಟ್ಟಿ ಬೀಜವನ್ನೂ ಕುಟ್ಟಿ ಹಾಕಿದ್ದಾರೆಯೇ ಎಂದು ತಿಳಿಯುತ್ತದೆ. ಎಚ್‌ಪಿಟಿಎಲ್‌ಸಿ ಎಂಬ ವಿಧಾನದಲ್ಲಿ ಸಿಲಿಕಾ ಲೇಪಿಸಿದ ಫಲಕದ ಮೇಲೆ ಸಾರವನ್ನು ಹರಿಯಬಿಟ್ಟು, ಅತಿನೇರಳೆ ಬೆಳಕಿನಲ್ಲಿ ಮೂಡುವ ಪಟ್ಟೆಗಳನ್ನು ಅಸಲಿ ಗಿಡದ ಪಟ್ಟೆಗಳ ಜೊತೆ ಹೋಲಿಸುತ್ತಾರೆ. ತ್ರಿಕಟುವಿನಲ್ಲಿ ಪೈಪರಿನ್, ತ್ರಿಫಲದಲ್ಲಿ ಗ್ಯಾಲಿಕ್ ಆಮ್ಲ ಹೀಗೆ ಗುರುತಿನ ರಾಸಾಯನಿಕಗಳಿವೆ. ತೈಲಗಳಿಗೆ ಎಳ್ಳೆಣ್ಣೆಯೇ ಬಳಸಿದ್ದಾರೆಯೇ ಎಂದು ನೋಡಲು ಬೌಡೊಯಿನ್ ಪರೀಕ್ಷೆ ಇದೆ. ಎಳ್ಳೆಣ್ಣೆಯಿದ್ದರೆ ಆಮ್ಲದ ಪದರ ಕೆಂಪಾಗುತ್ತದೆ. ಸೂಕ್ಷ್ಮಾಣು ಪರೀಕ್ಷೆಯಲ್ಲಿ ಇ. ಕೊಲೈ, ಸಾಲ್ಮೊನೆಲ್ಲಾ ಇರಲೇಬಾರದು.

ಈ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವುದು ಕೀಟನಾಶಕದ ಪರೀಕ್ಷೆ. ವಿಜಯಪುರ ದ್ರಾಕ್ಷಿಯ ಜಿಲ್ಲೆ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವುದು ತಪ್ಪದು, ಹೊಡೆದದ್ದು ಬದುವಿನ ಕೊಮ್ಮೆ, ಉತ್ತರಾಣಿಯ ಮೇಲೂ ಬೀಳುತ್ತದೆ. ‘ಕಾಡಿನಲ್ಲಿ ತಾನಾಗಿ ಬೆಳೆದದ್ದು’ ಎಂದು ನಂಬಿಸಿ ಮಾರುವ ಗಿಡ ತೋಟದ ಪಕ್ಕದ್ದಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೊರಡಿಸಿದ ಔಷಧಿ ಸಸ್ಯಗಳ ಕೃಷಿ ಮತ್ತು ಸಂಗ್ರಹಣೆಯ ಮಾರ್ಗಸೂಚಿ ಎಲ್ಲಿ, ಯಾವಾಗ, ಯಾರು ಕಿತ್ತರು ಎಂಬುದನ್ನು ಬರೆದಿಡಿ ಎಂದು ಹೇಳುವುದು ಈ ಕಾರಣಕ್ಕೆ. ಸಂತೆಯಲ್ಲಿ ಮಾರುವ ಮೂಟೆಗೆ ಅಂಥ ಚೀಟಿ ಕಟ್ಟಿದ್ದನ್ನು ಕಾಣುವುದು ಅಪರೂಪ.

ಬೇಲಿಯ ವಿಷಗಳು ಮತ್ತು ಶೋಧನೆ

ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳಲ್ಲಿ ‘ಇ-1’ ಎಂಬ ಅನುಸೂಚಿಯಿದೆ. ಆಯುರ್ವೇದದಲ್ಲಿ ಬಳಸುವ ವಿಷದ್ರವ್ಯಗಳ ಪಟ್ಟಿ ಅದು. ಅದರ ಸಂಸ್ಕೃತ ಹೆಸರುಗಳನ್ನು ಇಲ್ಲಿಯ ಮಾತಿಗೆ ಇಳಿಸಿದರೆ ಊರ ಬೇಲಿಯೇ ಎದ್ದು ನಿಲ್ಲುತ್ತದೆ: ಅರ್ಕ ಎಂದರೆ ಎಕ್ಕಿ, ಧತ್ತೂರ ಎಂದರೆ ಮದಗುಣಕಿ, ಗುಂಜಾ ಎಂದರೆ ಗುಲಗಂಜಿ, ಕರವೀರ ಎಂದರೆ ಕಣಗಿಲೆ. ಜೊತೆಗೆ ಜಾಪಾಳ, ಕಾಸರಕ, ವತ್ಸನಾಭಿ, ಅಫೀಮು, ಪಾದರಸ, ಹರಿದಾಳ.

ವಿಷವನ್ನು ಔಷಧವಾಗಿಸುವ ಕ್ರಮಕ್ಕೆ ಶೋಧನೆ ಎಂದು ಹೆಸರು. ವತ್ಸನಾಭಿಯ ಗೆಡ್ಡೆಯನ್ನು ಗೋಮೂತ್ರದಲ್ಲಿ ನೆನೆಸುತ್ತಾರೆ ಅಥವಾ ಹಾಲಿನಲ್ಲಿ ಬೇಯಿಸುತ್ತಾರೆ. ಇದು ಬರಿಯ ಆಚಾರವಲ್ಲ ಎಂದು ರಸಾಯನಶಾಸ್ತ್ರ ತೋರಿಸಿದೆ. ಹೃದಯದ ಬಡಿತವನ್ನೇ ಕೆಡಿಸುವ ಅಕೋನಿಟಿನ್ ಈ ಕ್ರಿಯೆಯಲ್ಲಿ ಒಡೆದು ಬೆಂಜಾಯಿಲ್‌ಅಕೋನಿನ್, ಅಕೋನಿನ್ ಎಂಬ ಎಷ್ಟೋ ಕಡಿಮೆ ವಿಷದ ವಸ್ತುಗಳಾಗುತ್ತದೆ. ಗುಲಗಂಜಿಯ ಅಬ್ರಿನ್ ಒಂದು ಪ್ರೋಟೀನು. ಚೆನ್ನಾಗಿ ಬೇಯಿಸಿದರೆ ಅದು ಕೆಡುತ್ತದೆ. ಕಾಸರಕದ ಬೀಜವನ್ನು ಗೋಮೂತ್ರದಲ್ಲಿ ದಿನಗಟ್ಟಲೆ ನೆನೆಸಿ, ಹಾಲಿನಲ್ಲಿ ಬೇಯಿಸಿ, ತುಪ್ಪದಲ್ಲಿ ಹುರಿಯುತ್ತಾರೆ. ಸ್ಟ್ರಿಕ್ನಿನ್ ಅಂಶ ಇಳಿಯುತ್ತದೆ.

ಇಳಿಯುತ್ತದೆ ಸರಿ, ಎಷ್ಟು ಇಳಿಯಿತು? ಪ್ರಮಾಣೀಕರಣ ಕೇಳುವ ಪ್ರಶ್ನೆ ಇದು. ನೆನೆಸಿದ ಹೊತ್ತು, ಉರಿಯ ಹದ, ಬೀಜದ ಗಾತ್ರ, ದ್ರವವನ್ನು ದಿನವೂ ಬದಲಿಸಿದರೋ ಇಲ್ಲವೋ ಎಂಬುದರ ಮೇಲೆ ಉಳಿದ ವಿಷದ ಅಳತೆ ಬದಲಾಗುತ್ತದೆ. ಅನುಭವಿ ವೈದ್ಯರ ಕೈಯ ಹದ ಕೆಳಗಿನ ತಲೆಮಾರಿಗೆ ದಾಟದಿದ್ದಾಗ ಅನಾಹುತವಾಗುತ್ತದೆ. ಮದಗುಣಕಿಯ ಬೀಜ ಸರಿಯಾಗಿ ಶೋಧನೆಯಾಗದೆ ಹೊಟ್ಟೆಗೆ ಹೋದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಮನುಷ್ಯ ಬಡಬಡಿಸತೊಡಗುತ್ತಾನೆ. ಅದರಲ್ಲಿರುವ ಅಟ್ರೋಪಿನ್, ಸ್ಕೋಪೊಲಮಿನ್‌ಗಳ ಕೆಲಸ ಅದು. ಸಕಾಲಕ್ಕೆ ಆಸ್ಪತ್ರೆ ಸೇರದಿದ್ದರೆ ಪ್ರಾಣಾಪಾಯ.

ಇಂಡಿಯ ನಿಂಬೆಗೂ ಇಲ್ಲಿ ಪಾತ್ರವಿದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಈ ಹಣ್ಣು ಉಪ್ಪಿನಕಾಯಿಗೆ ಎಷ್ಟು ಹೆಸರುವಾಸಿಯೋ, ಪಾದರಸ, ಲೋಹ, ಖನಿಜಗಳಿಂದ ಔಷಧ ಮಾಡುವ ರಸಶಾಸ್ತ್ರಕ್ಕೆ ಅದರ ರಸ ಅಷ್ಟೇ ಬೇಕಾದದ್ದು. ಪಾದರಸದ ಅದಿರಾದ ಇಂಗಳೀಕವನ್ನು ನಿಂಬೆ ಅಥವಾ ಹಸಿಶುಂಠಿಯ ರಸದಲ್ಲಿ ಅರೆದು ಶುದ್ಧಿ ಮಾಡುತ್ತಾರೆ. ಶಂಖವನ್ನು ಬಟ್ಟೆಯಲ್ಲಿ ಕಟ್ಟಿ, ಪಾತ್ರೆಯಲ್ಲಿ ತೂಗುಬಿಟ್ಟು, ಹುಳಿರಸದಲ್ಲಿ ಬೇಯಿಸುತ್ತಾರೆ. ನಿಂಬೆಯ ಹುಳಿ ಕಾಯಿಯ ಬಲಿತಿಗೂ ಋತುವಿಗೂ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ‘ನಿಂಬೆರಸ ಬೇಕಾದಷ್ಟು’ ಎಂದು ಬರೆದರೆ ಸಾಲದು. ಆಮ್ಲತೆ ಇಷ್ಟು, ರಸ ಇಷ್ಟು, ಹೊತ್ತು ಇಷ್ಟು ಎಂದು ಬರೆದಿಟ್ಟಾಗ ಮಾತ್ರ ಎರಡು ಬ್ಯಾಚುಗಳ ಗುಣ ಒಂದೇ ಇದ್ದೀತು.

ಭಸ್ಮ, ಲೋಹ ಮತ್ತು ಬೋಸ್ಟನ್

ಭಸ್ಮಗಳಿಗೆ ಹಳಬರು ಕಂಡುಕೊಂಡ ಪರೀಕ್ಷೆಗಳು ಸೊಗಸಾಗಿವೆ. ಚಿಟಿಕೆ ಭಸ್ಮವನ್ನು ನೀರಿನ ಮೇಲೆ ಉದುರಿಸಿದರೆ ತೇಲಬೇಕು. ಅದಕ್ಕೆ ವಾರಿತರ ಎಂದು ಹೆಸರು. ತೇಲುವ ಆ ಪೊರೆಯ ಮೇಲೆ ಮೆಲ್ಲಗೆ ಒಂದು ಕಾಳು ಇಟ್ಟರೂ ಮುಳುಗಬಾರದು. ಬೆರಳಿನ ನಡುವೆ ಉಜ್ಜಿದರೆ ಬೆರಳಿನ ಗೆರೆಗಳೊಳಗೆ ಇಳಿದು ಕೂರಬೇಕು, ಅದು ರೇಖಾಪೂರ್ಣ. ಬಿಸಿಲಿಗೆ ಹಿಡಿದರೆ ಲೋಹದ ಮಿಂಚು ಕಾಣಬಾರದು. ಇವೆಲ್ಲ ಕಣದ ಸಣ್ಣತನವನ್ನೂ ಲೋಹ ಲೋಹವಾಗಿ ಉಳಿದಿಲ್ಲ ಎಂಬುದನ್ನೂ ಚೆನ್ನಾಗಿ ತೋರಿಸುತ್ತವೆ. ಆದರೆ ಸೀಸ ಎಷ್ಟಿದೆ, ಆರ್ಸೆನಿಕ್ ಎಷ್ಟಿದೆ ಎಂದು ಹೇಳಲಾರವು. ಅದಕ್ಕೆ ಯಂತ್ರವೇ ಬೇಕು.

ಗಿಡಮೂಲಿಕೆಯ ಔಷಧಗಳಿಗೆ ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಮಿತಿಗಳಿವೆ: ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಈ ಅಂಕಿಗಳು ಸುದ್ದಿಗೆ ಬಂದದ್ದು ಹೊರದೇಶದ ಒಂದು ಅಧ್ಯಯನದಿಂದ. ಅಮೆರಿಕದ ಬೋಸ್ಟನ್ ಸುತ್ತಲಿನ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದೆ ಎಂದು 2004ರಲ್ಲಿ ಸಂಶೋಧಕರು ಪ್ರಕಟಿಸಿದರು. 2008ರಲ್ಲಿ ಪ್ರಕಟವಾದ, ಅಂತರ್ಜಾಲದಲ್ಲಿ ಕೊಂಡ 193 ಉತ್ಪನ್ನಗಳ ಪರೀಕ್ಷೆಯಲ್ಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ, ಐದರಲ್ಲೊಂದು. 2005ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿ, 2006ರ ಜನವರಿ 1ರಿಂದ ರಫ್ತಾಗುವ ಗಿಡಮೂಲಿಕೆ ಔಷಧಗಳಿಗೆ ಲೋಹ ಪರೀಕ್ಷೆ ಕಡ್ಡಾಯ ಮಾಡಿತು. ಬೋಸ್ಟನ್‌ನವರಿಗೆ ಸಿಕ್ಕ ಕಾಳಜಿ ಮೊದಲು ಬಾಗೇವಾಡಿಯವರಿಗೆ ಸಿಗಬೇಕಿತ್ತು ಎನ್ನುವುದು ನನ್ನ ತಕರಾರು.

ರಸೌಷಧಗಳಲ್ಲಿ ಲೋಹ ಬೇಕೆಂದೇ ಇರುವುದರಿಂದ ಮೇಲಿನ ಮಿತಿ ಅವಕ್ಕೆ ಹೊಂದುವುದಿಲ್ಲ. ಅಲ್ಲಿ ನೋಡಬೇಕಾದದ್ದು ಲೋಹ ಯಾವ ರೂಪದಲ್ಲಿದೆ, ಮೈ ಅದನ್ನು ಎಷ್ಟು ಹೀರಿಕೊಳ್ಳುತ್ತದೆ, ಎಷ್ಟು ದಿನ ಕೊಡಬಹುದು ಎಂಬುದನ್ನು. ‘ಭಸ್ಮವಾದ ಮೇಲೆ ವಿಷವಿಲ್ಲ’ ಎಂಬ ಒಂದೇ ವಾಕ್ಯದಲ್ಲಿ ಇದನ್ನು ಮುಗಿಸುವವರನ್ನು ನಂಬಬೇಡಿ; ‘ಲೋಹವಿದೆ, ಆದ್ದರಿಂದ ವಿಷವೇ’ ಎನ್ನುವವರೂ ಪರೀಕ್ಷೆ ಮಾಡಿ ಹೇಳುತ್ತಿಲ್ಲ. ಪ್ರಾಣಿಗಳ ಮೇಲಿನ ವಿಷತ್ವ ಪರೀಕ್ಷೆಗೆ ಕೇಂದ್ರೀಯ ಆಯುರ್ವೇದ ವಿಜ್ಞಾನ ಸಂಶೋಧನಾ ಪರಿಷತ್ತು 2018ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡುವುದರಿಂದ ಹಿಡಿದು, ತಿಂಗಳುಗಟ್ಟಲೆ ಕೊಟ್ಟು ಇಲಿಯ ರಕ್ತ, ಯಕೃತ್ತು, ಮೂತ್ರಪಿಂಡ ಪರೀಕ್ಷಿಸುವವರೆಗೆ ಹಂತಗಳಿವೆ.

ಕಷಾಯದ ನೀರು

ಪುಸ್ತಕಗಳು ಗಮನಿಸದ ಒಂದು ಸಂಗತಿ ಈ ಜಿಲ್ಲೆಯ ನೀರಿನದು. ವಿಜಯಪುರದ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಶಾರ್ಙ್ಗಧರನ ಕ್ರಮದಲ್ಲಿ ಒಂದು ಪಾಲು ಔಷಧಕ್ಕೆ ಹದಿನಾರು ಪಾಲು ನೀರು ಹಾಕಿ, ಎಂಟನೆಯ ಒಂದಕ್ಕೆ ಇಳಿಸಿದರೆ ಕಷಾಯ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಕುಡಿಯುವ ನೀರಿಗೆ ಅನುಮತಿಸಿದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಷ್ಟೇ ಇರುವ ಬೋರ್‌ವೆಲ್ ನೀರಿನ ಕಷಾಯದಲ್ಲಿ ಅದು ಲೀಟರಿಗೆ 12 ಮಿಲಿಗ್ರಾಂ ಹತ್ತಿರ ಹೋಗಬಹುದು. ಅರ್ಧ ಲೋಟ ಕುಡಿಯುವುದರಿಂದ ಗಾಬರಿ ಬೀಳಬೇಕಾಗಿಲ್ಲ. ಆದರೆ ಅರ್ಧ ಲೋಟದಲ್ಲಿ ನಾಲ್ಕು ಲೋಟ ನೀರಿನ ಫ್ಲೋರೈಡ್ ಇದೆ ಎಂಬುದು ನೆನಪಿರಲಿ. ಊರಿನ ಶುದ್ಧ ನೀರಿನ ಘಟಕದ ನೀರಲ್ಲಿ ಕಷಾಯ ಮಾಡುವುದು ಮೇಲು. ಔಷಧ ತಯಾರಿಕಾ ಘಟಕಗಳು ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು ಎಂದು ನಿಯಮವೇ ಇದೆ.

ಕಾನೂನು ಎಲ್ಲಿಗೆ ಮುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ

1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಗೆ 1964ರಲ್ಲಿ ತಿದ್ದುಪಡಿಯಾಗಿ ಆಯುರ್ವೇದ ಔಷಧಗಳು ಅದರೊಳಗೆ ಬಂದವು. ಪ್ರಾಚೀನ ಗ್ರಂಥಗಳ ಪಟ್ಟಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಆ ಗ್ರಂಥಗಳ ಪಾಠದಂತೆ ಮಾಡಿದ್ದು ಶಾಸ್ತ್ರೋಕ್ತ ಔಷಧ. ಅವುಗಳ ದ್ರವ್ಯಗಳನ್ನೇ ಬಳಸಿ ಹೊಸ ಪಾಠದಲ್ಲಿ ಮಾಡಿದ್ದು ಸ್ವಾಮ್ಯದ ಔಷಧ. 1978ರಲ್ಲಿ ಬಂದ ಆಯುರ್ವೇದ ಸೂತ್ರಸಂಗ್ರಹದ ಮೊದಲ ಭಾಗ 444 ಪಾಠಗಳನ್ನು ಅಳತೆಸಹಿತ ಗೊತ್ತುಮಾಡಿತು. ಇವುಗಳಿಗೆ ಬೇಕಾದ ಪರೀಕ್ಷಾ ಮಾನದಂಡ ರೂಪಿಸಲು 1970ರಲ್ಲೇ ಗಾಜಿಯಾಬಾದ್‌ನಲ್ಲಿ ಪ್ರಯೋಗಾಲಯ ಆರಂಭವಾಗಿತ್ತು. ಉತ್ತಮ ತಯಾರಿಕಾ ಕ್ರಮವನ್ನು ಹೇಳುವ ‘ಟಿ’ ಅನುಸೂಚಿ 2000ದಲ್ಲಿ ಬಂತು: ಕಚ್ಚಾವಸ್ತುವಿಗೆ ಬೇರೆ ಕೋಣೆ, ಪ್ರತಿ ಬ್ಯಾಚಿಗೆ ದಾಖಲೆ, ಗುಣಮಟ್ಟ ವಿಭಾಗ, ಅರ್ಹ ಸಿಬ್ಬಂದಿ.

2010ರಲ್ಲಿ ಸೇರಿದ 158-ಬಿ ನಿಯಮ ಯಾವ ಔಷಧಕ್ಕೆ ಯಾವ ಪುರಾವೆ ಬೇಕು ಎಂದು ವಿಂಗಡಿಸುತ್ತದೆ. ಗ್ರಂಥದ ಪಾಠದಂತೆ, ಗ್ರಂಥ ಹೇಳಿದ ರೋಗಕ್ಕೇ ಮಾಡಿದ ಔಷಧಕ್ಕೆ ಹೊಸದಾಗಿ ಸುರಕ್ಷತಾ ಅಧ್ಯಯನ ಬೇಕಿಲ್ಲ. ‘ಇ-1’ ದ್ರವ್ಯವಿರುವ ಸ್ವಾಮ್ಯದ ಔಷಧಕ್ಕೆ ಬೇಕು. ಶತಮಾನಗಳ ಬಳಕೆಯೇ ಪುರಾವೆ ಎಂಬುದು ಈ ವಿನಾಯಿತಿಯ ಹಿಂದಿರುವ ತರ್ಕ. ತಕ್ಷಣ ಕಾಣುವ ವಿಷದ ಮಟ್ಟಿಗೆ ಇದನ್ನು ಒಪ್ಪಬಹುದು. ಆದರೆ ಹತ್ತು ವರ್ಷ ಬಿಟ್ಟು ಮೂತ್ರಪಿಂಡ ಕೆಟ್ಟರೆ ಅದನ್ನು ಯಾವ ಅಜ್ಜಿಯೂ ಕಷಾಯಕ್ಕೆ ಹೊಂದಿಸಿ ನೆನಪಿಟ್ಟುಕೊಳ್ಳುವುದಿಲ್ಲ.

ಇನ್ನೊಂದು ವಿನಾಯಿತಿ ಈ ತಾಲ್ಲೂಕುಗಳಿಗೆ ಹೆಚ್ಚು ಸಂಬಂಧಿಸಿದ್ದು. ತಮ್ಮ ಸ್ವಂತ ರೋಗಿಗಳಿಗಾಗಿ ಔಷಧ ತಯಾರಿಸುವ ವೈದ್ಯರು ಮತ್ತು ಹಕೀಮರಿಗೆ ತಯಾರಿಕಾ ಪರವಾನಗಿ ಬೇಕಿಲ್ಲ. ಪರಂಪರೆಯನ್ನು ಉಳಿಸುವ ಒಳ್ಳೆಯ ಉದ್ದೇಶದ್ದೇ ಈ ಕಲಮು. ಆದರೆ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ, ಹೆಸರೂ ಇಲ್ಲದ, ದಿನಾಂಕವೂ ಇಲ್ಲದ ಪುಡಿಗೂ ಅದೇ ರಕ್ಷಣೆ ಸಿಗುತ್ತಿದೆ. ಮೊಣಕಾಲು ನೋವಿಗೆ ಎರಡೇ ದಿನದಲ್ಲಿ ಮ್ಯಾಜಿಕ್ ಮಾಡಿದಂತೆ ಗುಣ ತೋರುವ ಪುಡಿಯಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಅಥವಾ ಡೈಕ್ಲೋಫೆನಾಕ್ ಬೆರೆಸಿರುವ ಸಾಧ್ಯತೆಯಿದೆ. ಇಂಥ ಕಲಬೆರಕೆ ದೇಶದ ಹಲವೆಡೆ ಪತ್ತೆಯಾಗಿದೆ. ಮುಖ ಊದಿಕೊಳ್ಳುವುದು, ಸಕ್ಕರೆ ಏರುವುದು, ಔಷಧ ಬಿಟ್ಟ ಕೂಡಲೇ ತೀರಾ ನಿತ್ರಾಣವಾಗುವುದು ಅದರ ಸುಳಿವು.

ಚೀಟಿಯ ವಿಷಯದಲ್ಲಿ ನಿಯಮದ ಒಂದು ಕುಂದನ್ನು ಹೇಳಲೇಬೇಕು. ‘ಇ-1’ ದ್ರವ್ಯವಿರುವ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಮೇಲೆ ‘ಎಚ್ಚರಿಕೆ: ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕು’ ಎಂದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರೆಯಬೇಕು. ಕನ್ನಡ ಕಡ್ಡಾಯವಲ್ಲ. ಸಿಂದಗಿಯ ಹಳ್ಳಿಯಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಆ ಎಚ್ಚರಿಕೆ ಇದ್ದೂ ಇಲ್ಲದಂತೆ.

ಪರೀಕ್ಷೆ ಎಲ್ಲಿ, ದೂರು ಯಾರಿಗೆ

ರಾಜ್ಯದ ಆಯುಷ್ ಔಷಧ ಪರವಾನಗಿಯ ಅಧಿಕಾರ ಬೆಂಗಳೂರಿನಲ್ಲಿದೆ. ಉತ್ತರ ಕರ್ನಾಟಕದಲ್ಲಿ ಬೆಳಗಾವಿ ಮುಖ್ಯ ಕೇಂದ್ರ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಅಲ್ಲಿದೆ, ಕೆಎಲ್‌ಇ ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯವೂ ಅಲ್ಲಿದೆ. ವಿಜಯಪುರ ನಗರದಲ್ಲೇ ಬಿಎಲ್‌ಡಿಇ ಸಂಸ್ಥೆಯ ಎವಿಎಸ್ ಆಯುರ್ವೇದ ಮಹಾವಿದ್ಯಾಲಯವಿದೆ. ಲೋಹದ ಪರೀಕ್ಷೆಗೆ ದೂರ ಹೋಗಬೇಕಾದರೂ, ಗಿಡದ ಗುರುತಿಗೆ ಯಾವ ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗವೂ ಸಾಕು. ಹೂ, ಕಾಯಿ, ಬೇರು ಸಮೇತ ಇಡೀ ಗಿಡ ಒಯ್ದರೆ ಗುರುತು ಸುಲಭ.

ಆಯುರ್ವೇದ ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ 2008ರಲ್ಲೇ ಆರಂಭವಾಗಿ, ಈಗ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯ ನೇತೃತ್ವದಲ್ಲಿ ನಡೆಯುತ್ತಿದೆ. ಅದರ ಕೆಳಗಿನ ಕೇಂದ್ರಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೂ ಒಂದು. ಜನ ಅಲ್ಲಿಗೆ ವರದಿ ಮಾಡುವುದು ಕಡಿಮೆ, ಏಕೆಂದರೆ ಆಯುರ್ವೇದಕ್ಕೆ ಅಡ್ಡಪರಿಣಾಮವೇ ಇಲ್ಲ ಎಂದು ನಂಬಿಸಲಾಗಿದೆ. ಇಂಗ್ಲಿಷ್ ಔಷಧ ಬರೆದುಕೊಡುವ ಡಾಕ್ಟರಿಗೆ ಗಾವಟಿ ಔಷಧ ತೆಗೆದುಕೊಂಡದ್ದನ್ನು ಮುಚ್ಚಿಡುವುದು ಇನ್ನೊಂದು ಕಾರಣ. ಬೈದಾರು ಎಂಬ ಅಂಜಿಕೆ.

ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ‘ಆಯುರ್ವೇದ ಔಷಧ’ ಎಂಬ ಬರಹ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನ, ದ್ರವ್ಯಗಳ ಪಟ್ಟಿ ಇವೆಯೇ ನೋಡಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ವಾಪಸು ಕೊಡಿ. ಬಸುರಿ, ಬಾಣಂತಿ, ಎಳೆಮಕ್ಕಳಿಗೆ ಭಸ್ಮ ಅಥವಾ ಹೆಸರಿಲ್ಲದ ಪುಡಿಯನ್ನು ಯಾರೇ ಹೇಳಿದರೂ ಕೊಡಬೇಡಿ. ಔಷಧ ತೆಗೆದುಕೊಂಡ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಮೈಮೇಲೆ ಗಂಧೆ ಎದ್ದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೋಗುವಾಗ ಉಳಿದ ಔಷಧವನ್ನೂ ಡಬ್ಬಿಯನ್ನೂ ಎಸೆಯದೆ ಜೊತೆಗೆ ಒಯ್ಯಿರಿ; ಅದನ್ನು ಪರೀಕ್ಷಿಸದೆ ತಪ್ಪು ಗಿಡದ್ದೋ, ಲೋಹದ್ದೋ, ಕಲಬೆರಕೆಯದ್ದೋ ಎಂದು ಯಾವ ಡಾಕ್ಟರೂ ಹೇಳಲಾರರು.